ಗೋಡೆ ಬರಹದಿಂದ ರೀಲ್ಸ್‌ವರೆಗೆ: ಜಾಹೀರಾತು ನಮ್ಮನ್ನ ಹೇಗೆ ಹುಡುಕತ್ತೆ?

ನಮ್ಮ ಕನ್ನಡ ಬಳಗದಲ್ಲಿ ಮೂರು ದಿಕ್ಕಿನವರಿದ್ದೀವಿ. ಗುಬ್ಬಿಯಿಂದ ಬೆಳಗ್ಗೆ ರೈಲು ಹಿಡಿದು ಬರೋರು, ಕುಣಿಗಲ್‌ನಿಂದ ಬಸ್ಸಲ್ಲಿ ನಿಂತ್ಕೊಂಡು ಬರೋರು, ತುಮಕೂರು ಸಿಟಿಯೊಳಗೇ ಇದ್ದೂ ಮೊದಲ ಕ್ಲಾಸಿಗೆ ಲೇಟಾಗಿ ಬರೋರು! ಹೋದ ತಿಂಗಳು ಒಂದು ದಿನ, ಮನೆಯಿಂದ ಕಾಲೇಜ್ ಗೇಟಿನವರೆಗೆ ಕಣ್ಣಿಗೆ ಕಿವಿಗೆ ಬಿದ್ದ ಜಾಹೀರಾತುಗಳನ್ನೆಲ್ಲ ಬರ್ಕೊಂಡು ಬರೋಣ ಅಂತ ಮಾತಾಡ್ಕೊಂಡ್ವಿ. ಸಂಜೆ ಕ್ಯಾಂಟೀನ್‌ನಲ್ಲಿ ಪಟ್ಟಿಗಳನ್ನ ಒಟ್ಟಿಗಿಟ್ಟು ನೋಡಿದಾಗ ಒಂದು ವಿಷಯ ಎದ್ದು ಕಾಣ್ತು. ಗೋಡೆ ಮೇಲಿನ ಸಿಮೆಂಟು, ಪಂಪ್‌ಸೆಟ್ಟು, ಬಸ್ಸಿನ ಹಿಂದಿನ ಚಿನ್ನದ ಅಂಗಡಿ, ಪೇಪರ್ ಒಳಗಿಂದ ಜಾರಿ ಬಿದ್ದ ಕರಪತ್ರ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ. ಆದರೆ ಫೋನಿನಲ್ಲಿ ಬಂದಿದ್ದು ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ. ಒಬ್ಬಳಿಗೆ ಗೇಟ್ ಕೋಚಿಂಗ್, ಇನ್ನೊಬ್ಬನಿಗೆ ಬೈಕು, ಮತ್ತೊಬ್ಬನಿಗೆ "ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ" ಅನ್ನೋ ಕೋರ್ಸು.

ಹಳೆ ಮಾಧ್ಯಮಕ್ಕೂ ಹೊಸದಕ್ಕೂ ಇರೋ ವ್ಯತ್ಯಾಸ ಇಲ್ಲೇ ಇದೆ. ಹಳೆಯದು ಜಾಗವನ್ನ ಕೊಳ್ಳತ್ತೆ, ಹೊಸದು ಮನುಷ್ಯನನ್ನ ಹುಡುಕತ್ತೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಕಂಪನಿ ಅಂದ್ರೆ ನಾಟಕ ಕಂಪನಿ

ನಮ್ಮ ಕಡೆ ಒಂದು ಕಾಲಕ್ಕೆ "ಕಂಪನಿ" ಅಂದ್ರೆ ನಾಟಕದ ಕಂಪನಿಯೇ. 1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನ ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಹೆಸರಾಗುವಂತೆ ಬೆಳೆಸಿದರು. ಊರೂರು ತಿರುಗೋ ಕಂಪನಿಗಳಿಗೆ ಪ್ರಚಾರ ಇಲ್ಲದಿದ್ರೆ ಅವತ್ತಿನ ಊಟ ಇಲ್ಲ. ಗಾಡಿ ಕಟ್ಟಿಕೊಂಡು ವಾದ್ಯ ಬಾರಿಸ್ತಾ ಬೀದಿಬೀದಿಯಲ್ಲಿ ಕರಪತ್ರ ಹಂಚೋದು ಆಗಿನ ವೃತ್ತಿ ರಂಗಭೂಮಿಯ ರೂಢಿ. ವೀರಣ್ಣನವರು "ಕುರುಕ್ಷೇತ್ರ" ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ನೋಡಿ ಬಂದೋರು ಸುಮ್ನೆ ಇರ್ತಾರಾ? ಊರಿಗೆಲ್ಲ ಹೇಳ್ತಾರೆ. ಇವತ್ತು ನಾವು "ವೈರಲ್" ಅನ್ನೋದು ಇದನ್ನೇ. ಜನ ತಾವಾಗೇ ಹೇಳ್ಕೊಂಡು ಓಡಾಡೋ ಹಾಗೆ ಮಾಡೋದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕಷ್ಟದ ಜಾಹೀರಾತು.

ಮೈಸೂರು ಸ್ಯಾಂಡಲ್ ಸೋಪಿನ ಕಥೆಯೂ ಹಾಗೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಈ ಸೋಪಿನ ಚಿತ್ರ ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೆಲ್ಲ ಬರ್ತಿತ್ತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೂ ಮಾಡಿಸಿದ್ರಂತೆ. ಅದೇ ಸೋಪಿಗೆ 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನ ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದಾಗ, ಕನ್ನಡದ ನಟಿಯರು ಯಾರೂ ಸಿಗಲಿಲ್ವಾ ಅಂತ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ಆಯ್ತು. ಕರ್ನಾಟಕದ ಹೊರಗಿನ ಮಾರುಕಟ್ಟೆಗೂ ಹೋಗಬೇಕು ಅನ್ನೋದು ಸರ್ಕಾರ ಕೊಟ್ಟ ಕಾರಣ. ಯಾರ ಮುಖ ಹಾಕ್ತೀವಿ ಅನ್ನೋದರಲ್ಲೇ ಯಾರಿಗೆ ಮಾರ್ತೀವಿ ಅನ್ನೋ ಉತ್ತರ ಇರತ್ತೆ.

ಜಾಗ ಮತ್ತು ಸಮಯದ ಬೆಲೆ

ಪತ್ರಿಕೆಯಲ್ಲಿ ಜಾಹೀರಾತಿನ ಲೆಕ್ಕ ಚದರ ಸೆಂಟಿಮೀಟರ್‌ಗೆ ಇಷ್ಟು ಅಂತ. ಮುಖಪುಟಕ್ಕೆ ಬೇರೆ ದರ, ಒಳಪುಟಕ್ಕೆ ಬೇರೆ. ರಾಜ್ಯಮಟ್ಟದ ಪತ್ರಿಕೆಗೆ ಕೊಡೋ ದುಡ್ಡಿಲ್ಲದ ತುಮಕೂರಿನ ಬಟ್ಟೆ ಅಂಗಡಿಯವರು ಇಲ್ಲಿನದೇ ಆದ "ಪ್ರಜಾಪ್ರಗತಿ"ಯಂಥ ಪತ್ರಿಕೆಗೆ ಕೊಡ್ತಾರೆ. ಅವರಿಗೆ ಬೇಕಿರೋದು ಗುಬ್ಬಿ, ಕುಣಿಗಲ್, ಶಿರಾದ ಗಿರಾಕಿ ತಾನೇ, ಬೀದರ್‌ನವರಲ್ಲವಲ್ಲ.

ರೇಡಿಯೋದಲ್ಲಿ ಲೆಕ್ಕ ಸೆಕೆಂಡಿಗೆ. ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಗಿದ್ದು 1967ರಲ್ಲಿ, ದೂರದರ್ಶನದಲ್ಲಿ 1976ರಲ್ಲಿ. ನಮ್ಮ ತುಮಕೂರಿನ ರೇಡಿಯೋ ಸಿದ್ಧಾರ್ಥದಂಥ ಸಮುದಾಯ ಬಾನುಲಿಗಳಿಗೂ ಜಾಹೀರಾತು ಹಾಕೋಕೆ ಅನುಮತಿ ಇದೆ. 2024ರ ಮಾರ್ಗಸೂಚಿಯಲ್ಲಿ ಅದರ ಮಿತಿಯನ್ನ ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಿದರು.

ಇನ್ನು ಜಾತ್ರೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ನಡೆಯೋ ದನದ ಜಾತ್ರೆ, ವಸ್ತುಪ್ರದರ್ಶನಕ್ಕೆ ನಾವೆಲ್ಲ ಹೋಗಿದ್ದೀವಿ. ಟ್ರ್ಯಾಕ್ಟರನ್ನ ಟೀವಿಯಲ್ಲಿ ನೋಡಿ ಯಾರೂ ಕೊಳ್ಳಲ್ಲ. ಮಳಿಗೆಯಲ್ಲಿ ಹತ್ತಿ ಕೂತು, ಸ್ಟೇರಿಂಗ್ ತಿರುಗಿಸಿ, ಪಕ್ಕದ ಹಳ್ಳಿಯವನ ಹತ್ರ "ಡೀಸೆಲ್ ಎಷ್ಟು ಕುಡಿಯತ್ತಪ್ಪಾ?" ಅಂತ ಕೇಳಿ ಆಮೇಲೆ ಕೊಳ್ತಾರೆ.

ಈ ಎಲ್ಲ ಮಾಧ್ಯಮಕ್ಕೂ ಒಂದು ಕೊರತೆ ಇದೆ. ಗೋಡೆ ನೋಡಿ ಎಷ್ಟು ಜನ ಸಿಮೆಂಟ್ ಕೊಂಡ್ರು ಅಂತ ಗೋಡೆ ಹೇಳಲ್ಲ.

ಫೋನಿನೊಳಗಿನ ಹರಾಜು

ಹೊಸ ಮಾಧ್ಯಮ ಗೆದ್ದಿದ್ದು ಇಲ್ಲಿ. 2000ನೇ ಇಸವಿಯಲ್ಲಿ ಗೂಗಲ್ ಆಡ್‌ವರ್ಡ್ಸ್ ಶುರುಮಾಡಿತು. ನಾವು ಏನಾದ್ರೂ ಹುಡುಕಿದ ಆ ಕ್ಷಣದಲ್ಲೇ, ಕಣ್ಣು ಮಿಟುಕಿಸೋದರೊಳಗೆ, ನಮ್ಮ ಸ್ಕ್ರೀನಿನ ಜಾಗಕ್ಕೆ ಹರಾಜು ನಡೆದುಹೋಗತ್ತೆ. ನಮ್ಮ ಎಪಿಎಂಸಿ ಹರಾಜಿನ ಹಾಗೇ, ಆದರೆ ಒಂದು ವ್ಯತ್ಯಾಸ: ಹೆಚ್ಚು ಕೂಗಿದವನೇ ಗೆಲ್ಲಬೇಕು ಅಂತಿಲ್ಲ.

ಒಂದು ಲೆಕ್ಕ ಇಟ್ಕೊಳ್ಳೋಣ. ಒಂದು ಕ್ಲಿಕ್ಕಿಗೆ 'ಅ' ಕಂಪನಿ 10 ರೂಪಾಯಿ ಕೂಗತ್ತೆ, 'ಆ' ಕಂಪನಿ 8 ರೂಪಾಯಿ. ಜಾಹೀರಾತು ನೋಡುಗರಿಗೆ ಎಷ್ಟು ಹೊಂದತ್ತೆ, ಎಷ್ಟು ಜನ ಒತ್ತಬಹುದು ಅನ್ನೋದಕ್ಕೆ ಗುಣಮಟ್ಟದ ಅಂಕ ಇರತ್ತೆ. 'ಅ'ಗೆ 4, 'ಆ'ಗೆ 6 ಅಂದ್ಕೊಳ್ಳಿ. ಗುಣಿಸಿದ್ರೆ 'ಅ' 40, 'ಆ' 48. ಕಮ್ಮಿ ಕೂಗಿದ 'ಆ' ಗೆಲ್ತು! ಕೊಡಬೇಕಾದ್ದೂ ಪೂರ್ತಿ 8 ಅಲ್ಲ. ಎರಡನೆಯವನ 40ನ್ನು ತನ್ನ ಅಂಕ 6ರಿಂದ ಭಾಗಿಸಿದಷ್ಟು, ಅಂದ್ರೆ ಸುಮಾರು 6 ರೂಪಾಯಿ 67 ಪೈಸೆ. ಈಗಿನ ವ್ಯವಸ್ಥೆಯಲ್ಲಿ ಇನ್ನೂ ಹತ್ತಾರು ಅಂಶ ಸೇರಿವೆ, ಆದರೆ ಮೂಲತತ್ವ ಇದೇ. ಇನ್‌ಸ್ಟಾಗ್ರಾಮ್‌ನಲ್ಲೂ ಹರಾಜೇ. ಅಲ್ಲಿ ನಾವು ಹುಡುಕೋದೂ ಬೇಕಿಲ್ಲ, ನಾವು ಯಾವುದನ್ನ ಎಷ್ಟು ಹೊತ್ತು ನೋಡಿದ್ವಿ ಅನ್ನೋದೇ ಸಾಕು.

ದೊಡ್ಡ ಕಂಪನಿಗಳು ಒಂದನ್ನ ಬಿಟ್ಟು ಇನ್ನೊಂದನ್ನ ಹಿಡಿಯಲ್ಲ, ಎಲ್ಲವನ್ನೂ ಪೋಣಿಸ್ತವೆ. ಟೀವಿ ಹೆಸರು ಪರಿಚಯ ಮಾಡಿಸತ್ತೆ, ಹೋರ್ಡಿಂಗ್ ನೆನಪಿಸತ್ತೆ, ಪೇಪರ್ ನಂಬಿಕೆ ಕೊಡತ್ತೆ, ಫೋನು "ಈಗಲೇ ಒತ್ತು" ಅನ್ನತ್ತೆ. ಪೋಸ್ಟರಿನ ಮೂಲೆಯ ಕ್ಯೂಆರ್ ಕೋಡ್ ಇದೆಯಲ್ಲ, ಅದು ಗೋಡೆಗೂ ಫೋನಿಗೂ ಕಟ್ಟಿದ ಸೇತುವೆ. ಈಗ ಗೋಡೆಯೂ ಲೆಕ್ಕ ಒಪ್ಪಿಸತ್ತೆ!

ಗ್ಯಾರಂಟಿ ಕೋರ್ಸಿನ ಕಥೆ

ಮೊದಲು ಹೇಳಿದ "ಕೆಲಸ ಗ್ಯಾರಂಟಿ" ಕೋರ್ಸಿಗೆ ಬರೋಣ. ಅದು ನಮ್ಮ ಕುಣಿಗಲ್ ಗೆಳೆಯನ ಫೋನಿಗೆ ಬಂದಿದ್ದು ಆಕಸ್ಮಿಕ ಅಲ್ಲ. ಎರಡು ಸಬ್ಜೆಕ್ಟ್ ಬ್ಯಾಕ್ ಆದ ವಾರ ರಾತ್ರಿಯೆಲ್ಲ ಅವನು ಹುಡುಕಿದ್ದು ಅದನ್ನೇ. ಮನೆಯಲ್ಲಿ ಕೊಬ್ಬರಿ ಮಾರಿದ ದುಡ್ಡಲ್ಲಿ ಫೀಸು ಕಟ್ಟಿದ. ಸಿಕ್ಕಿದ್ದು ಹಳೆ ರೆಕಾರ್ಡೆಡ್ ವಿಡಿಯೋಗಳು. ಫೋನ್ ಮಾಡಿದ್ರೆ ಯಾರೂ ಎತ್ತಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಈ ಲೇಖನ ಬರೀರಿ ಅಂತ ಹಟ ಹಿಡಿದವನೂ ಅವನೇ.

ಗೋಡೆ ಬರಹಕ್ಕೆ ನಮ್ಮ ಕಷ್ಟ ಗೊತ್ತಿರಲ್ಲ. ಫೋನಿಗೆ ಗೊತ್ತಿರತ್ತೆ. ಹಾಗಾಗಿ ನಾವೂ ಸ್ವಲ್ಪ ತಿಳ್ಕೊಂಡಿರಬೇಕು.

- ದಾರಿ ತಪ್ಪಿಸೋ ಜಾಹೀರಾತು ಕಾನೂನಿಗೆ ವಿರುದ್ಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ, ಮತ್ತೆ ತಪ್ಪು ಮಾಡಿದ್ರೆ 50 ಲಕ್ಷದವರೆಗೆ ದಂಡ ಹಾಕಬಹುದು.
- ಕೆಲಸ ಗ್ಯಾರಂಟಿ, ಸೆಲೆಕ್ಷನ್ ಗ್ಯಾರಂಟಿ ಅಂತ ಸುಳ್ಳು ಭರವಸೆ ಕೊಡೋದನ್ನ ತಡೆಯೋಕೆ 2024ರ ನವೆಂಬರ್‌ನಲ್ಲಿ ಕೋಚಿಂಗ್ ವಲಯಕ್ಕೇ ಬೇರೆ ಮಾರ್ಗಸೂಚಿ ಬಂದಿದೆ.
- ದುಡ್ಡು ಅಥವಾ ಉಡುಗೊರೆ ತಗೊಂಡು ರೀಲ್ಸ್ ಮಾಡೋ ಇನ್‌ಫ್ಲುಯೆನ್ಸರ್‌ಗಳು ಅದು ಜಾಹೀರಾತು ಅಂತ ಸ್ಪಷ್ಟವಾಗಿ ಹೇಳಲೇಬೇಕು.
- ದೂರು ಕೊಡೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ನಮ್ಮ ಗೆಳೆಯ ಸ್ಕ್ರೀನ್‌ಶಾಟು, ರಸೀದಿ ಎಲ್ಲ ಜೋಡಿಸ್ಕೊಂಡು 1915ಕ್ಕೆ ಫೋನ್ ಮಾಡಿದ್ದಾನೆ. ದುಡ್ಡು ಬರತ್ತೋ ಇಲ್ವೋ, ದೂರಂತೂ ದಾಖಲಾಗಿದೆ. ಈ ಭಾನುವಾರ ಅವನ ಜೊತೆ ನಾವೂ ಇಬ್ಬರು ಕುಣಿಗಲ್‌ಗೆ ಹೋಗ್ತಿದ್ದೀವಿ, ಅಪ್ಪನ ಹತ್ರ ಮಾತಾಡೋಕೆ. ನಿಮ್ಮಲ್ಲೂ ಯಾರಿಗಾದ್ರೂ ಹೀಗಾಗಿದ್ರೆ ಒಬ್ಬರೇ ಇಟ್ಕೊಂಡು ಕೂರಬೇಡಿ, ಬಳಗದ ರೂಮಿಗೆ ಬನ್ನಿ. ದೂರು ಬರೆಯೋದು ಹೇಗೆ ಅಂತ ಈಗ ನಮಗೆ ಗೊತ್ತು.