ಕಟಕಟೆಯ ಬಳಿ ನಿಲ್ಲುವ ದುಭಾಷಿ

ನಮ್ಮ ನ್ಯಾಯಾಲಯಗಳ ನಡಾವಳಿಯನ್ನು ಸ್ವಲ್ಪ ವ್ಯವಧಾನದಿಂದ ಪರಿಶೀಲಿಸಿದವರಿಗೆ, ಅಲ್ಲಿಯ ಸಮಸ್ತ ವ್ಯವಹಾರವೂ ಕಣ್ಣು ಕಾಣುವ, ಕಿವಿ ಕೇಳುವ, ಮಾತು ಬಲ್ಲ, ಮೆಟ್ಟಿಲು ಹತ್ತಬಲ್ಲ ಮನುಷ್ಯನೊಬ್ಬನನ್ನೇ ಮನಸ್ಸಿನಲ್ಲಿಟ್ಟುಕೊಂಡು ಏರ್ಪಟ್ಟದ್ದೆಂಬುದು ತಾನಾಗಿಯೇ ಗೋಚರವಾಗುತ್ತದೆ. ನೊಂದವಳು ಠಾಣೆಗೆ ತಾನೇ ಹೋಗಿ ಬಾಯಿಬಿಟ್ಟು ಹೇಳಬೇಕು. ಬರೆದುಕೊಂಡುದನ್ನು ಓದಿ ನೋಡಿ ರುಜು ಹಾಕಬೇಕು. ಸಾಲಾಗಿ ನಿಲ್ಲಿಸಿದ ಮುಖಗಳಲ್ಲಿ ಪಾತಕಿಯ ಮುಖ ಯಾವುದೆಂದು ತೋರಿಸಬೇಕು. ಕಡೆಗೆ ಕಟಕಟೆಯಲ್ಲಿ ನಿಂತು, ಎದುರು ಪಕ್ಷದ ವಕೀಲರ ಪಾಟೀ ಸವಾಲಿಗೆ ತಡವರಿಸದೆ ಉತ್ತರ ಕೊಡಬೇಕು. ದೌರ್ಜನ್ಯಕ್ಕೆ ಗುರಿಯಾದ ಹೆಂಗಸು ದೃಷ್ಟಿಯನ್ನೋ ಶ್ರವಣವನ್ನೋ ವಾಕ್ಶಕ್ತಿಯನ್ನೋ ಕಳೆದುಕೊಂಡವಳಾಗಿದ್ದರೆ, ಅಥವಾ ಬುದ್ಧಿಯ ಬೆಳವಣಿಗೆ ಕುಂಠಿತವಾದವಳಾಗಿದ್ದರೆ, ಈ ಮೆಟ್ಟಿಲುಗಳಲ್ಲಿ ಒಂದಲ್ಲ ಒಂದರ ಮೇಲೆ ಅವಳ ದೂರು ಮುಗ್ಗರಿಸುವುದು ಬಹುಕಾಲ ನಡೆದುಬಂದ ಸಂಗತಿ. ಅವಳ ಮೇಲೆ ಕೈಮಾಡಿದವನಿಗೂ ಇದು ತಿಳಿಯದ ವಿಷಯವೇನಲ್ಲ; ಅವನ ಧೈರ್ಯದ ಬಹುಭಾಗ ಅದರಲ್ಲಿಯೇ ಇತ್ತು.

ಈ ಕೊರತೆಯನ್ನು ತುಂಬುವುದಕ್ಕೆಂದು ಹುಟ್ಟಿಕೊಂಡ ಎರಡು ಏರ್ಪಾಡುಗಳನ್ನು ಇಲ್ಲಿ ಪರಿಚಯಿಸಬೇಕಾಗಿದೆ. ಒಂದು, ಸಾಕ್ಷಿಯ ಪಕ್ಕದಲ್ಲಿ ನಿಲ್ಲುವ ದುಭಾಷಿ ಅಥವಾ ವಿಶೇಷ ಶಿಕ್ಷಕಿ. ಇನ್ನೊಂದು, ಸಾಕ್ಷಿಯು ಕುಳಿತು ನುಡಿಯುವ ಪ್ರತ್ಯೇಕ ಕೊಠಡಿ. ದಿಲ್ಲಿಯಲ್ಲಿ 2012ರ ಡಿಸೆಂಬರಿನಲ್ಲಿ ನಡೆದ ಘೋರ ಸಾಮೂಹಿಕ ಅತ್ಯಾಚಾರದ ತರುವಾಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿ ವರದಿಯಿತ್ತು, ಅದರ ಬೆನ್ನಿಗೇ 2013ರಲ್ಲಿ ದಂಡಸಂಹಿತೆಗಳು ತಿದ್ದುಪಡಿಯಾದಾಗ, ವಿಕಲಚೇತನಳಾದ ಸಂತ್ರಸ್ತೆಯ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಸ್ಥಳದಲ್ಲಿ, ದುಭಾಷಿಯ ಇಲ್ಲವೆ ವಿಶೇಷ ಶಿಕ್ಷಕರ ಸಮಕ್ಷಮದಲ್ಲಿ ಬರೆದುಕೊಳ್ಳತಕ್ಕುದೆಂದೂ, ಅದನ್ನೆಲ್ಲ ವೀಡಿಯೋ ಚಿತ್ರೀಕರಿಸತಕ್ಕುದೆಂದೂ ವಿಧಿಯಾಯಿತು. ಮ್ಯಾಜಿಸ್ಟ್ರೇಟರ ಮುಂದೆ ಹೀಗೆ ಒಮ್ಮೆ ಕೊಟ್ಟ ಹೇಳಿಕೆಯೇ ವಿಚಾರಣೆಯಲ್ಲಿ ಅವಳ ಮುಖ್ಯ ಸಾಕ್ಷ್ಯವಾಗಿ ನಿಲ್ಲುವುದರಿಂದ, ಅದೇ ಕಥೆಯನ್ನು ಮೊದಲಿನಿಂದ ಮತ್ತೊಮ್ಮೆ ತೋಡಿಕೊಳ್ಳುವ ಯಾತನೆ ತಪ್ಪುತ್ತದೆ. ಪಾಟೀ ಸವಾಲು ಮಾತ್ರ ಉಳಿಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿಯೂ ಈ ವಿಧಿಗಳು ಅಂಕಿ ಬದಲಾಯಿಸಿಕೊಂಡು ಮುಂದುವರಿದಿವೆ.

ದುಭಾಷಿಯ ಕೆಲಸ ಹೊರಗಿನಿಂದ ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ವಾಸ್ತವವಾಗಿ ಅದು ಬಹು ಸಂಯಮದ ವಿದ್ಯೆ. ಸಾಕ್ಷಿಯ ಕೈಬೆರಳುಗಳು, ಹುಬ್ಬು, ತುಟಿ, ಭುಜದ ತಿರುವು ಇವೆಲ್ಲ ಸೇರಿ ಹೇಳುವುದನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ದಾಟಿಸಬೇಕು. ಸಾಕ್ಷಿಯು ಅಸ್ಪಷ್ಟವಾಗಿ ಹೇಳಿದ್ದರೆ ಆ ಅಸ್ಪಷ್ಟತೆಯನ್ನೂ ಹಾಗೆಯೇ ದಾಟಿಸಬೇಕು. ಅವಳ ಪರವಾಗಿ ಕನಿಕರ ಉಕ್ಕಿಬಂದರೂ ವಾಕ್ಯವನ್ನು ತಿದ್ದಿ ಚೆಂದಗಾಣಿಸಕೂಡದು. ರಾಜಸ್ಥಾನ ಸರ್ಕಾರ ಮತ್ತು ದರ್ಶನ್ ಸಿಂಗ್ ಎಂಬವರ ನಡುವಣ ಕೊಲೆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿದ ಮಾತು ಈ ವೃತ್ತಿಯ ಮೂಲಸೂತ್ರದಂತಿದೆ: ಸನ್ನೆಗಳ ಅರ್ಥವನ್ನಷ್ಟೇ ಬರೆದರೆ ಸಾಲದು, ಸನ್ನೆಗಳನ್ನೂ ದಾಖಲಿಸಬೇಕು. ಆ ಪ್ರಕರಣದಲ್ಲಿ ಶ್ರವಣಶಕ್ತಿಯಿಲ್ಲದ ಸಾಕ್ಷಿಗೆ ಅವಳ ತಂದೆಯೇ ದುಭಾಷಿಯಾಗಿದ್ದರು, ಸನ್ನೆಗಳ ದಾಖಲೆ ಇರಲಿಲ್ಲ, ಸಾಕ್ಷ್ಯ ನಿಲ್ಲಲಿಲ್ಲ.

ಬಂಧುಗಳು ದುಭಾಷಿಗಳಾಗುವ ಈ ಸಮಸ್ಯೆಯನ್ನು ಸ್ವಲ್ಪ ನಿಂತು ನೋಡಬೇಕು. ಶಾಲೆಯ ಮುಖ ಕಾಣದ ಹಳ್ಳಿಯ ಕಿವುಡ ಹೆಣ್ಣುಮಗಳಿಗೆ ಭಾರತೀಯ ಸಂಜ್ಞಾ ಭಾಷೆ ತಿಳಿದಿರುವುದಿಲ್ಲ. ಅವಳಿಗಿರುವುದು ಅಡಿಗೆಮನೆಯಲ್ಲಿ, ಹಿತ್ತಲಲ್ಲಿ, ತಾಯಿಯೊಡನೆ ತಾನಾಗಿ ಬೆಳೆದ ಕೈಸನ್ನೆ. ಪಟ್ಟಣದಿಂದ ಬಂದ ಅರ್ಹ ದುಭಾಷಿಗೆ ಆ ಸನ್ನೆ ಅಪರಿಚಿತ. ಅದನ್ನು ಬಲ್ಲವರು ಮನೆಯವರು ಮಾತ್ರ. ಆದರೆ ಎಷ್ಟೋ ಪ್ರಸಂಗಗಳಲ್ಲಿ ಪೀಡಕನೂ ಆ ಮನೆಯೊಳಗಿನವನೇ ಅಥವಾ ಆ ಮನೆಯ ಮರ್ಯಾದೆಗೆ ಅಂಟಿಕೊಂಡವನೇ ಆಗಿರುತ್ತಾನೆ. ಆಗ ತಾಯಿಯು ಮಗಳ ಬೆರಳನ್ನು ಓದುವಾಗ ಕುಲದ ಮಾನವನ್ನೂ ಜೊತೆಯಲ್ಲಿಟ್ಟು ಓದುವಳೇ, ಇಲ್ಲವೇ? ಈ ಸಂಶಯಕ್ಕೆ ಆಸ್ಪದವೇ ಬಾರದಂತೆ, ಕೆಲವು ದಿನಗಳ ಒಡನಾಟದಲ್ಲಿ ಅವಳ ಸನ್ನೆಯನ್ನು ಕಲಿತುಕೊಳ್ಳಬಲ್ಲ ಅನುಭವಿಯೊಬ್ಬರನ್ನು, ಸಾಧ್ಯವಾದರೆ ಸ್ವತಃ ಶ್ರವಣಶಕ್ತಿಯಿಲ್ಲದವರನ್ನೇ, ನಡುವೆ ನಿಲ್ಲಿಸುವ ಪದ್ಧತಿಯುಂಟು. ಇದು ಸಮಯ ಬೇಡುವ ಕೆಲಸ. ನಮ್ಮ ಠಾಣೆಗಳು ಕೊಡಲೊಲ್ಲದ ವಸ್ತುವೆಂದರೆ ಸಮಯವೇ.

ಬುದ್ಧಿ ಬೆಳವಣಿಗೆ ಕುಂಠಿತವಾದವರ ವಿಷಯದಲ್ಲಿ ಸನ್ನೆಗಿಂತ ಪ್ರಶ್ನೆಯ ಕ್ರಮ ಮುಖ್ಯ. ತಾರೀಖು ಕೇಳಿದರೆ ತೊದಲುವ ಹುಡುಗಿಯು, ಜಾತ್ರೆಗೆ ಮುಂಚೆಯೋ ಆಮೇಲೋ, ಊಟವಾದ ಮೇಲೋ ಎಂದು ಕೇಳಿದರೆ ನಿಖರವಾಗಿ ಹೇಳಬಲ್ಲಳು. ಹೌದೇ ಎಂದರೆ ಹೌದೆನ್ನುವ, ಅಲ್ಲವೇ ಎಂದರೆ ಅಲ್ಲವೆನ್ನುವ ಸ್ವಭಾವ ಅವರಲ್ಲಿ ಹಲವರಿಗಿರುವುದರಿಂದ, ಪ್ರಶ್ನೆಯಲ್ಲಿಯೇ ಉತ್ತರವನ್ನು ಹೊಸೆದು ಕೇಳುವ ವಕೀಲಿ ಚಾತುರ್ಯಕ್ಕೆ ಅವರು ಬಹು ಬೇಗ ಬಲಿಯಾಗುತ್ತಾರೆ. ವಿಶೇಷ ಶಿಕ್ಷಕಿಯು ಚಿತ್ರ, ಬೊಂಬೆಗಳ ನೆರವಿನಿಂದ, ಒಂದು ಸಲಕ್ಕೆ ಒಂದೇ ಸಂಗತಿಯಂತೆ, ಆ ಕಗ್ಗಂಟನ್ನು ಬಿಡಿಸುತ್ತಾಳೆ.

ಇನ್ನು ಕೊಠಡಿಯ ವಿಚಾರ. ದುರ್ಬಲ ಸಾಕ್ಷಿಗಳ ಹೇಳಿಕೆ ಕೇಂದ್ರವೆಂಬುದು ದಿಲ್ಲಿಯ ಕಡಕಡಡೂಮಾ ನ್ಯಾಯಾಲಯದಲ್ಲಿ 2012ರಲ್ಲಿ ಮೊದಲು ತೆರೆಯಿತು. ಆಪಾದಿತನ ದಾರಿಗೆ ಅಡ್ಡಬಾರದ ಪ್ರವೇಶದ್ವಾರ, ಕಾಯುವ ಕೋಣೆ, ಜೊತೆಗೊಬ್ಬರು ಆಪ್ತಸಹಾಯಕರು, ಪರದೆಯ ಮೂಲಕ ನ್ಯಾಯಾಧೀಶರೊಡನೆ ಸಂಪರ್ಕ, ಇಷ್ಟೇ ಅದರ ಸಲಕರಣೆ. ಬಂಡು ಎಂಬಾತನ ವಿರುದ್ಧದ ಮಹಾರಾಷ್ಟ್ರದ ಪ್ರಕರಣದಲ್ಲಿ, ವಾಕ್‌ಶ್ರವಣ ದೋಷವೂ ಬುದ್ಧಿಮಾಂದ್ಯವೂ ಇದ್ದ ಸಂತ್ರಸ್ತೆಯನ್ನು ವಿಚಾರಿಸಲಿಲ್ಲವೆಂಬ ಕಾರಣಕ್ಕೆ ಉಚ್ಚ ನ್ಯಾಯಾಲಯ ಆಪಾದಿತನನ್ನು ಬಿಟ್ಟುಬಿಟ್ಟಿತ್ತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಖುಲಾಸೆಯನ್ನು ರದ್ದುಪಡಿಸಿ, ಪ್ರತಿಯೊಂದು ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿಯೂ ಕನಿಷ್ಠ ಎರಡು ಕೇಂದ್ರಗಳಿರಲೆಂದು ಅಪ್ಪಣೆ ಕೊಟ್ಟಿತು. 2022ರ ಜನವರಿಯಲ್ಲಿ ಅದೇ ನ್ಯಾಯಾಲಯ ದುರ್ಬಲ ಸಾಕ್ಷಿಗಳ ಗಣನೆಯನ್ನು ವಿಸ್ತರಿಸಿ, ವಾಕ್‌ಶ್ರವಣ ದೋಷವುಳ್ಳವರನ್ನೂ ಇತರ ವೈಕಲ್ಯವುಳ್ಳವರನ್ನೂ ಅದರಲ್ಲಿ ಸೇರಿಸಿ, ಕಾರ್ಯದ ಮೇಲ್ವಿಚಾರಣೆಯನ್ನು ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಸಮಿತಿಗೆ ವಹಿಸಿತು.

ಸಾಕ್ಷ್ಯದ ಬೆಲೆಯನ್ನು ಅಳೆಯುವ ದೃಷ್ಟಿಯೂ ಬದಲಾಗಬೇಕಾಗಿತ್ತು. ಆಂಧ್ರದಲ್ಲಿ ಹುಟ್ಟಿನಿಂದ ದೃಷ್ಟಿಯಿಲ್ಲದ, ಪರಿಶಿಷ್ಟ ಜಾತಿಯ ತರುಣಿಯೊಬ್ಬಳು ತನ್ನ ಮೇಲೆ ಅತ್ಯಾಚಾರವೆಸಗಿದವನನ್ನು, ಮನೆಗೆ ಬಂದುಹೋಗುತ್ತಿದ್ದ ಅವನ ಧ್ವನಿಯಿಂದ ಗುರುತಿಸಿದ್ದಳು. ಪಟಾನ್ ಜಮಾಲ್ ವಲಿ ಪ್ರಕರಣವೆಂದು ಹೆಸರಾದ ಇದರಲ್ಲಿ, 2021ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ಪೀಠವು, ವೈಕಲ್ಯವಿರುವ ಸಾಕ್ಷಿಯ ನುಡಿಯನ್ನು ಆ ಕಾರಣಕ್ಕೇ ದುರ್ಬಲವೆಂದು ತಿಳಿಯಕೂಡದೆಂದು ಸ್ಪಷ್ಟವಾಗಿ ವಿಧಿಸಿ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಯಡಿ ವಿಧಿಸಿದ್ದ ಶಿಕ್ಷೆ ಮಾತ್ರ, ಪುರಾವೆ ಸಾಲದೆಂದು, ಬಿದ್ದುಹೋಯಿತು. ಜಾತಿಯೂ ಹೆಣ್ಣುತನವೂ ಕುರುಡೂ ಒಂದೇ ದೇಹದಲ್ಲಿ ಕೂಡಿದ್ದನ್ನು ತೀರ್ಪು ದೀರ್ಘವಾಗಿ ಚರ್ಚಿಸಿದ ಮೇಲೂ ಹೀಗಾದುದು ಚಿಂತನೀಯ.

ಕಾನೂನು ಕೈಚೆಲ್ಲಿದ ಎಡೆಯೂ ಉಂಟು. ದೇಹಕ್ಕೆ ಮೂವತ್ತೆಂಟು ವರ್ಷವಾದರೂ ಮನಸ್ಸು ಆರೆಂಟು ವರ್ಷದ ಮಗುವಿನದಾಗಿದ್ದ ಮಹಿಳೆಗೆ ಮಕ್ಕಳ ರಕ್ಷಣೆಯ ಪೋಕ್ಸೊ ಕಾಯಿದೆಯ ಅನುಕೂಲಗಳು ಸಲ್ಲಬೇಕೆಂದು ಬೇಡಿಕೊಂಡಾಗ, ವಯಸ್ಸೆಂದರೆ ದೇಹದ ವಯಸ್ಸೇ ಎಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿಳಿಸಿತು. ಕಾಯಿದೆಯ ಅಕ್ಷರ ಅಷ್ಟನ್ನೇ ಹೇಳುತ್ತಿದ್ದಿರಬಹುದು. ಶಾಸನಸಭೆಯು ಅದನ್ನು ತಿದ್ದಬಹುದಾಗಿತ್ತೆಂದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಮಾತಿಗೆ ಬಂದರೆ, ಬೆಂಗಳೂರಿನ ನ್ಯಾಯವಾದಿ ಸಾರಾ ಸನ್ನಿ ಅವರು, ತಮಗೆ ಶ್ರವಣಶಕ್ತಿಯಿಲ್ಲದಿದ್ದರೂ, 2023ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ 2024ರ ಏಪ್ರಿಲಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೂ ಸಂಜ್ಞಾ ದುಭಾಷಿಯ ಮೂಲಕ ವಾದಿಸಿದರು. ಬೆಂಗಳೂರಿನಲ್ಲಿ ನಡೆದದ್ದು ತಾಲೂಕಿನಲ್ಲಿಯೂ ನಡೆಯಬೇಕಾದರೆ ದುಭಾಷಿಗಳ ಸಂಖ್ಯೆ ಹೆಚ್ಚಬೇಕು, ಅವರಿಗೆ ಸಕಾಲದಲ್ಲಿ ಸಂಭಾವನೆ ಸಲ್ಲಬೇಕು. ಹೆಂಗಸರಿಗೂ ವಿಕಲಚೇತನರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಒದಗಿಸುವುದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ವಿಧಿ. ಈ ನೆರವು ಕೋರುವ ದೂರವಾಣಿ 15100. ವಕೀಲರನ್ನು ಕೇಳುವವರು, ಠಾಣೆಯಲ್ಲಿ ಮೊದಲ ಹೇಳಿಕೆ ಬರೆಯುವ ದಿನವೇ ದುಭಾಷಿಯನ್ನೂ ಕೇಳತಕ್ಕುದು; ಆ ದಿನ ದುಭಾಷಿಯಿಲ್ಲದೆ ಅವಸರದಲ್ಲಿ ಬರೆದ ನಾಲ್ಕು ಸಾಲುಗಳನ್ನೇ ಹಿಡಿದುಕೊಂಡು, ಎರಡು ಮೂರು ವರ್ಷಗಳ ತರುವಾಯ, ಪಾಟೀ ಸವಾಲಿನ ವಕೀಲರು ತಮ್ಮ ಮೊದಲ ಪ್ರಶ್ನೆಯನ್ನು ಎತ್ತುತ್ತಾರೆ.