ಅವಿರೋಧ ಆಯ್ಕೆಯ ಬೆಲೆ

ಲೋಕಸಭೆಗೆ ನಿಂತವನನ್ನು ಮತದಾರನು ಭಿತ್ತಿಪತ್ರದಲ್ಲಿ ಕಾಣುತ್ತಾನೆ. ವಿಧಾನಸಭೆಗೆ ನಿಂತವನನ್ನು ವೇದಿಕೆಯ ಮೇಲೆ ಕಾಣುತ್ತಾನೆ. ತನ್ನೂರಿನ ಪಂಚಾಯತಿಗೆ ನಿಂತವನನ್ನಾದರೋ ದಿನ ಬೆಳಗಾದರೆ ನೀರಿನ ನಲ್ಲಿಯ ಬಳಿ, ಹಿಟ್ಟಿನ ಗಿರಣಿಯ ಮುಂದೆ, ಹೊಲದ ಬದುವಿನ ಮೇಲೆ ಕಾಣುತ್ತಾನೆ. ಆತನ ತಂದೆ ಯಾರ ಸಾಲವನ್ನು ತೀರಿಸದೆ ಹೋದ, ಆತನ ಎತ್ತು ಯಾರ ಜೋಳವನ್ನು ಮೇಯಿತು, ಆತನ ತಾಯಿ ಯಾರ ಬಾಣಂತನಕ್ಕೆ ನೆರವಾದಳು, ಎಲ್ಲವೂ ಮತದಾರನಿಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಒಬ್ಬನನ್ನು ಆರಿಸಿ ಇನ್ನೊಬ್ಬನನ್ನು ಬಿಡುವುದು ಸುಲಭದ ಮಾತಲ್ಲ. ಪಟ್ಟಣಿಗರು ಹಗುರವಾಗಿ ಕಾಣುವ ಗ್ರಾಮ ಪಂಚಾಯತಿಯ ಚುನಾವಣೆ, ನಿಜವಾಗಿ ನೋಡಿದರೆ, ದೇಶದ ಎಲ್ಲ ಚುನಾವಣೆಗಳಲ್ಲಿ ಅತ್ಯಂತ ಕಠಿಣವಾದದ್ದು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂತಹ ಒಂದು ಹಳ್ಳಿಯನ್ನೇ ತೆಗೆದುಕೊಳ್ಳಬಹುದು. ಹುಬ್ಬಳ್ಳಿಯಿಂದ ಅಂಕೋಲೆಯ ಕಡೆಗೆ ಸಾಗುವ ಹೆದ್ದಾರಿಯ ಮೇಲೆ, ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿ ಪಟ್ಟಣವಿದೆ. ಜಿಲ್ಲೆಯ ಮೂಡಣ ಭಾಗದ ನವಲಗುಂದ, ಅಣ್ಣಿಗೇರಿಗಳಲ್ಲಿ ಕಣ್ಣು ಹಾಯುವವರೆಗೂ ಎರೆಯ ಭೂಮಿ, ಹತ್ತಿ, ಕಡಲೆ. ಕಲಘಟಗಿಯ ಕಡೆಗೆ ಬಂದರೆ ಮಲೆನಾಡಿನ ಸೆರಗು, ಬತ್ತ, ಗೋವಿನಜೋಳ. ನೆಲ ಬೇರೆ, ಬೆಳೆ ಬೇರೆ, ಆದರೆ ಪಂಚಾಯತಿಯ ಚುನಾವಣೆ ಬಂದಾಗ ಎರಡು ಕಡೆಯ ಹಳ್ಳಿಗಳಲ್ಲಿಯೂ ಕೇಳಿಬರುವ ಮಾತು ಒಂದೇ: “ಜಗಳ ಯಾಕ? ಅವಿರೋಧ ಮಾಡಿಬಿಡೋಣ.”

ಈ ಮಾತು ಕಿವಿಗೆ ಹಿತವಾಗಿದೆ. ಅದರ ಬೆಲೆ ಏನೆಂಬುದನ್ನು ಮಾತ್ರ ನಿಂತು ನೋಡಬೇಕು.

ಮದುವೆಗೆ ಕೂಡುವಷ್ಟು ಮತಗಳು

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮತದ ವಯಸ್ಸಿಗೆ ಬಾರದ ಮಕ್ಕಳನ್ನು ಕಳೆಯಬೇಕು; ದುಡಿಮೆಗೆಂದು ಊರು ಬಿಟ್ಟವರನ್ನು ಕಳೆಯಬೇಕು. ಉಳಿಯುವ ಮತಗಳೆಷ್ಟು? ಒಂದು ದೊಡ್ಡ ಮನೆತನದ ಮದುವೆಗೆ ಕೂಡುವ ಜನಕ್ಕಿಂತ ಕಡಿಮೆ. ಇಲ್ಲಿ ಹತ್ತು ಮತಗಳ ಅಂತರವೆಂದರೆ ಭಾರಿ ಗೆಲುವು. ಇಬ್ಬರ ಮತಗಳೂ ಸಮವಾದರೆ ಚೀಟಿ ಎತ್ತಿ ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ. ಅಂಥ ಪ್ರಸಂಗಗಳು ಅಪರೂಪವೂ ಅಲ್ಲ.

ಗ್ರಾಮ ಪಂಚಾಯತಿಯ ಚುನಾವಣೆಯಲ್ಲಿ ರಾಜಕೀಯ ಪಕ್ಷಗಳ ಚಿಹ್ನೆಗೆ ಎಡೆಯಿಲ್ಲ. ಆಟೋರಿಕ್ಷಾ, ಗ್ಯಾಸ್ ಸಿಲಿಂಡರು ಮುಂತಾದ ಮನೆಬಳಕೆಯ, ಬೀದಿಬಳಕೆಯ ವಸ್ತುಗಳೇ ಮತಪತ್ರದ ಮೇಲೆ ಮೂಡುತ್ತವೆ. ತೆರೆಮರೆಯಲ್ಲಿ ಪಕ್ಷಗಳ ಕೈವಾಡ ಇದ್ದೇ ಇರುತ್ತದೆ, ನಿಜ. ಆದರೂ ಮತಗಟ್ಟೆಯ ಮರೆಯೊಳಗೆ ನಿಂತ ಮುದುಕಿಯೊಬ್ಬಳಿಗೆ ಪಕ್ಷದ ಆಸರೆಯೂ ಇಲ್ಲ, ನೆಪವೂ ಇಲ್ಲ. ಅವಳ ಎದುರಿಗೆ ಇರುವುದು ನೆರೆಮನೆಯವರ ಹೆಸರುಗಳು ಮಾತ್ರ.

2020ರ ಡಿಸೆಂಬರ್ 22 ಮತ್ತು 27ರಂದು, ಕೋವಿಡ್ ರೋಗದ ಭಯದ ನಡುವೆ, ರಾಜ್ಯದ ಐದು ಸಾವಿರದ ಏಳುನೂರಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳಿಗೆ ಮತದಾನ ನಡೆಯಿತು. ಬೀದರ ಜಿಲ್ಲೆಯಲ್ಲಿ ಮತಯಂತ್ರ; ಉಳಿದೆಡೆಯಲ್ಲಿ ಹಳೆಯ ಕಾಗದದ ಮತಪತ್ರ, ಹಳೆಯ ಕಬ್ಬಿಣದ ಪೆಟ್ಟಿಗೆ. ಬಾಯಿಗೆ ಮುಖಗವಸು ಕಟ್ಟಿಕೊಂಡು ಸಾಲಿನಲ್ಲಿ ನಿಂತವರ ಬೆರಳಿಗೆ ಬಿದ್ದದ್ದು ಮೈಸೂರಿನ ಶಾಯಿ: 1937ರಲ್ಲಿ ಆರಂಭವಾದ ಅಲ್ಲಿಯ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಈಚೆಗೆ ದೇಶಕ್ಕೆಲ್ಲ ಒದಗಿಸುತ್ತ ಬಂದಿರುವ ಅಳಿಯದ ಶಾಯಿ. ಆ ಚುನಾವಣೆಯ ತೊಂಬತ್ತು ಸಾವಿರಕ್ಕೂ ಮಿಕ್ಕಿದ ಸ್ಥಾನಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸ್ಥಾನಗಳಿಗೆ ಮತದಾನವೇ ಆಗಲಿಲ್ಲ. ಅಲ್ಲಿಯ ಸದಸ್ಯರೆಲ್ಲ ಅವಿರೋಧವಾಗಿ ಆಯ್ಕೆಯಾದವರು.

ಗೌಡಕಿಯಿಂದ ಮತಪೆಟ್ಟಿಗೆಗೆ

ಊರಿನ ವ್ಯವಹಾರವನ್ನು ಊರವರೇ ಕೂಡಿ ನಡೆಸುವುದು ಈ ನಾಡಿಗೆ ಹೊಸದಲ್ಲ. ಧಾರವಾಡ ಸೀಮೆಯ ಶಾಸನಗಳಲ್ಲಿ ಮಹಾಜನರು, ಗಾವುಂಡರು, ಅರವತ್ತೊಕ್ಕಲು ಎಂಬ ಮಾತುಗಳು ಬರುತ್ತವೆ. ಕೆರೆ, ದೇಗುಲ, ದಾನದ ಭೂಮಿ, ಇವುಗಳ ಮೇಲೆ ಈ ಸಮೂಹಗಳ ಕಣ್ಣಿರುತ್ತಿತ್ತು. ಆದರೆ ಆ ಕೂಟದಲ್ಲಿ ಕೂಲಿಯವನಿಗೆ ಸ್ಥಾನವಿತ್ತೆ? ಕೇರಿಯವನಿಗೆ ಇತ್ತೆ? ಹೆಂಗಸಿಗೆ ಇತ್ತೆ? ಬ್ರಿಟಿಷರ ಆಳ್ವಿಕೆಯಲ್ಲಿಯೂ ಊರಿನ ಅಧಿಕಾರ ಗೌಡ, ಕುಲಕರ್ಣಿಗಳ ವತನದಲ್ಲಿಯೇ ಉಳಿಯಿತು. ಅದು ಹುಟ್ಟಿನಿಂದ ಬರುವ ಅಧಿಕಾರ. ಅಲ್ಲಿ ಆರಿಸುವ ಪ್ರಶ್ನೆಯೇ ಇಲ್ಲ. ಒಂದು ಅರ್ಥದಲ್ಲಿ ಅದೂ ‘ಅವಿರೋಧ’ವೇ!

1882ರಲ್ಲಿ ಲಾರ್ಡ್ ರಿಪನ್ನನ ನಿರ್ಣಯದಿಂದ ಸ್ಥಳೀಯ ಸ್ವರಾಜ್ಯದ ಮಾತು ಮೊದಲಾಯಿತು. ಧಾರವಾಡ ಅಂದು ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1920ರಲ್ಲಿ ಗ್ರಾಮ ಪಂಚಾಯತಿಗಳ ಕಾಯಿದೆ ಬಂತು, 1933ರಲ್ಲಿ ಅದರ ಜಾಗದಲ್ಲಿ ಇನ್ನೊಂದು ಬಂತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಹಲವು ಪ್ರಾಂತಗಳಿಂದ ಬಂದ ಹಲವು ಕಾಯಿದೆಗಳನ್ನು ತೆಗೆದು, 1959ರಲ್ಲಿ ರಾಜ್ಯಕ್ಕೆಲ್ಲ ಒಂದೇ ಪಂಚಾಯತಿ ಕಾಯಿದೆಯನ್ನು ಮಾಡಲಾಯಿತು. 1961ರ ಇನ್ನೊಂದು ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನೇ ರದ್ದುಗೊಳಿಸಿತು. ಗೌಡಕಿ ಕಾಗದದ ಮೇಲೆ ಹೋಯಿತು. ಊರ ಕಟ್ಟೆಯ ಮೇಲಿನಿಂದ ಅದು ಇಳಿದುಹೋಗಲು ಮಾತ್ರ ಇನ್ನೂ ಕಾಲ ಬೇಕಾಯಿತು.

ಆ ಕಾಲ ಬಂದದ್ದು 1987ರ ಜನವರಿಯಲ್ಲಿ. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ ಆ ಸಾತ್ವಿಕ ಪುರುಷ, ನೀರಿನಂತೆಯೇ ಅಧಿಕಾರವೂ ಊರಿನಲ್ಲಿಯೇ ಚಿಮ್ಮಬೇಕೆಂದು ನಂಬಿದವರು. ಅವರ ಕಾಯಿದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಹುಟ್ಟಿದವು. ಸ್ಥಾನಗಳಲ್ಲಿ ನೂರಕ್ಕೆ 25 ಸ್ತ್ರೀಯರಿಗೆ ಮೀಸಲಾದವು. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಇಡೀ ದೇಶ ಆ ದಿನ ಹಿಡಿದ ದಾರಿಯನ್ನು ಕರ್ನಾಟಕ ಆರು ವರ್ಷ ಮೊದಲೇ ತುಳಿದಿತ್ತು. ಆ ತಿದ್ದುಪಡಿಯ ಬಳಿಕ ಸ್ತ್ರೀಯರ ಪಾಲು ಮೂರರಲ್ಲಿ ಒಂದಾಯಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಪರಿಶಿಷ್ಟ ಜಾತಿ, ಪಂಗಡಗಳಿಗೂ ಹಿಂದುಳಿದ ವರ್ಗಗಳಿಗೂ ಸ್ಥಾನಗಳು ನಿಗದಿಯಾದವು.

ಶಾಸನಗಳ ಕಾಲದಿಂದ ಕಟ್ಟೆಯ ಕೆಳಗೆ ನಿಂತಿದ್ದವರಿಗೆ ಕುರ್ಚಿ ಸಿಕ್ಕುವ ಹೊತ್ತು ಹೀಗೆ ಒದಗಿತು. ಸರಿಯಾಗಿ ಆ ಹೊತ್ತಿಗೇ ಊರಿನ ಹಿರಿಯರಿಗೆ ಅವಿರೋಧ ಆಯ್ಕೆಯ ಮೇಲೆ ಪ್ರೀತಿ ಹೆಚ್ಚಿತೆಂಬುದು ವಿಚಾರ ಮಾಡತಕ್ಕ ಸಂಗತಿ.

ಗುಡಿಯ ಮುಂದಿನ ಸವಾಲು

ಅವಿರೋಧ ಆಯ್ಕೆ ಎಲ್ಲ ಕಡೆಯಲ್ಲಿಯೂ ಕೆಟ್ಟದ್ದೆಂದು ಹೇಳುವಂತಿಲ್ಲ. ಊರೆಲ್ಲ ಮೆಚ್ಚಿದ ಒಬ್ಬ ಹಿರಿಯನಿದ್ದು, ಆತನ ಎದುರು ನಿಲ್ಲಲು ಯಾರಿಗೂ ಮನಸ್ಸಾಗದಿದ್ದರೆ ಅದು ಆ ಊರಿನ ಭಾಗ್ಯ. ಗುಜರಾತಿನಲ್ಲಿ 2001ರಿಂದ ಈಚೆಗೆ ‘ಸಮರಸ’ ಎಂಬ ಯೋಜನೆಯ ಹೆಸರಿನಲ್ಲಿ, ಅವಿರೋಧವಾಗಿ ಪಂಚಾಯತಿ ರಚಿಸಿಕೊಂಡ ಹಳ್ಳಿಗಳಿಗೆ ಸರಕಾರ ಅನುದಾನವನ್ನೇ ಕೊಟ್ಟದ್ದುಂಟು. ಖರ್ಚು ಉಳಿಯಿತು, ದ್ವೇಷ ಉಳಿಯಲಿಲ್ಲ ಎಂಬುದು ಅದರ ಪರವಾಗಿ ಹೇಳುವ ವಾದ.

ಆದರೆ ಒಮ್ಮತ ಹುಟ್ಟುವುದು ಎಲ್ಲಿ? ಮತಗಟ್ಟೆಯಲ್ಲಿ ಮುದುಕಿಗೂ ಗೌಡನಿಗೂ ಒಂದೊಂದೇ ಮತ. ಗುಡಿಯ ಕಟ್ಟೆಯ ಮೇಲೆ ಕೂಡಿದ ಸಭೆಯಲ್ಲಿ ಹಾಗಲ್ಲ. ಅಲ್ಲಿ ಎಕರೆಗೆ ಮತವುಂಟು, ಜಾತಿಗೆ ಮತವುಂಟು, ಸಾಲ ಕೊಟ್ಟ ಕೈಗೆ ಮತವುಂಟು. ಕೂಲಿಯವನು ಮರುದಿನ ಯಾರ ಹೊಲಕ್ಕೆ ಹೋಗಬೇಕೋ ಅವನ ಎದುರಿನಲ್ಲಿಯೇ ಕೈ ಎತ್ತಬೇಕು. ಹೆಂಗಸಂತೂ ಆ ಸಭೆಗೆ ಬರುವುದೇ ಅಪರೂಪ. ಯಾರಾದರೂ ತರುಣನು ‘ನಾನೂ ಅರ್ಜಿ ಹಾಕುತ್ತೇನೆ’ ಎಂದರೆ, ‘ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ’ ಎಂಬ ಗಾದೆ ಸಿದ್ಧವಾಗಿಯೇ ಇರುತ್ತದೆ. ಗುಟ್ಟಿನ ಮತದಾನ ಕೊಟ್ಟ ರಕ್ಷಣೆಯನ್ನು ಬಹಿರಂಗದ ಒಮ್ಮತ ಕಿತ್ತುಕೊಳ್ಳುತ್ತದೆ.

ಇದರ ಕೊನೆಯ ಮೆಟ್ಟಿಲು ಹರಾಜು. 2020ರ ಚುನಾವಣೆಯ ಹೊತ್ತಿಗೆ ಬಳ್ಳಾರಿ, ಕಲಬುರಗಿ ಮೊದಲಾದ ಜಿಲ್ಲೆಗಳಿಂದ ಪಂಚಾಯತಿಯ ಸ್ಥಾನಗಳನ್ನೇ ಸವಾಲಿಗೆ ಹಾಕಿದ ಸುದ್ದಿಗಳು ಬಂದವು. ಲಕ್ಷಗಟ್ಟಲೆ ರೂಪಾಯಿ ಕೂಗಿದವನಿಗೆ ಸ್ಥಾನ. ಹಣ ಊರ ದೇವಸ್ಥಾನಕ್ಕೆ. ಹಣ ದೇವರಿಗೇ ಹೋಯಿತಲ್ಲ, ತಪ್ಪೇನು ಎಂದು ಕೇಳುವವರಿದ್ದರು. ರಾಜ್ಯ ಚುನಾವಣಾ ಆಯೋಗ ಇದನ್ನು ಅಪರಾಧವೆಂದೇ ಎಣಿಸಿ, ಮೊಕದ್ದಮೆ ಹೂಡಲು ಜಿಲ್ಲಾಧಿಕಾರಿಗಳಿಗೆ ಸೂಚಿಸಿತು. ದೇವರಿಗೆ ಸಂದದ್ದು ಸವಾಲು ಗೆದ್ದವನ ಹಣ ಮಾತ್ರವಲ್ಲ, ಕೇಳದೆಯೇ ಕಸಿದುಕೊಂಡ ನೂರಾರು ಜನರ ಮತ. ಲಕ್ಷ ಕೊಟ್ಟು ಕುರ್ಚಿ ಕೊಂಡವನು ಐದು ವರ್ಷದಲ್ಲಿ ಅದನ್ನು ಎಲ್ಲಿಂದ ಹಿಂದಕ್ಕೆ ಪಡೆದಾನು? ಚರಂಡಿಯ ಲೆಕ್ಕದಿಂದ, ಬೀದಿದೀಪದ ಲೆಕ್ಕದಿಂದ, ಮನೆಯಿಲ್ಲದವರ ಪಟ್ಟಿಯಿಂದ. ಅವನನ್ನು ಪ್ರಶ್ನಿಸುವವರೂ ಇಲ್ಲ. ಏಕೆಂದರೆ ಅವನು ಮತ ಬೇಡಿದವನಲ್ಲ. ಯಾರ ಹಂಗೂ ಅವನಿಗಿಲ್ಲ.

ಹೆಸರು ಹೆಂಡತಿಯದು

ಸ್ತ್ರೀಯರಿಗೆ ಮೀಸಲಾದ ಸ್ಥಾನಗಳ ಬಗೆಗೆ ಪಟ್ಟಣದ ಮನೆಗಳಲ್ಲಿ ನಗೆಮಾತು ಬಹಳ. ಹೆಸರು ಹೆಂಡತಿಯದು, ಕುರ್ಚಿ ಗಂಡನದು. ಸಹಿ ಅವಳದು, ಮಾತು ಅವನದು ಎಂಬುದು ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆಯನ್ನು ಮಾತ್ರ ಓದಿದಂತಾಗುತ್ತದೆ.

ಚುನಾವಣೆಗೆ ನಿಂತ ಹೆಂಗಸು ಮನೆಮನೆಗೆ ಹೋಗಲೇಬೇಕು. ತನ್ನ ಓಣಿಯನ್ನು ಬಿಟ್ಟು ಇನ್ನೊಂದು ಕೇರಿಯ ಹೊಸ್ತಿಲ ಮುಂದೆ ನಿಂತು ಮತ ಕೇಳಲೇಬೇಕು. ಅಲ್ಲಿಯ ಹೆಂಗಸರು ಅವಳಿಗೆ ನೀರಿನ ತಾಪತ್ರಯವನ್ನು ಹೇಳುತ್ತಾರೆ, ಬಯಲಿಗೆ ಹೋಗುವ ಸಂಕಟವನ್ನು ಹೇಳುತ್ತಾರೆ. ಗಂಡಸು ಅಭ್ಯರ್ಥಿಯ ಮುಂದೆ ಆಡಲಾರದ ಮಾತುಗಳವು. ಗೆದ್ದ ಬಳಿಕ ನಲ್ಲಿ ಬರದಿದ್ದರೆ ಅವರು ಹುಡುಕಿಕೊಂಡು ಬರುವುದು ಅವಳನ್ನೇ. ಅವಿರೋಧವಾಗಿ, ಕಟ್ಟೆಯ ಮೇಲಿನ ನಿರ್ಣಯದಿಂದ ಸದಸ್ಯೆಯಾದವಳಿಗೆ ಈ ಯಾವ ಪರಿಚಯವೂ ಇಲ್ಲ. ಅವಳು ಗಂಡನ ಮನೆಯಿಂದ ಪಂಚಾಯತಿಗೆ, ಪಂಚಾಯತಿಯಿಂದ ಗಂಡನ ಮನೆಗೆ ನಡೆದುಬರುತ್ತಾಳೆ, ಅಷ್ಟೆ. ಗಂಡನ ನೆರಳು ದಟ್ಟವಾಗಿ ಬೀಳುವುದು ಸ್ಪರ್ಧೆ ಇಲ್ಲದಲ್ಲಿ.

ಇನ್ನೊಂದು ತೊಡಕೂ ಉಂಟು. ಮೀಸಲು ಸ್ಥಾನಗಳು ಚುನಾವಣೆಯಿಂದ ಚುನಾವಣೆಗೆ ಸರದಿಯಂತೆ ಬದಲಾಗುತ್ತವೆ. ಐದು ವರ್ಷ ದುಡಿದು ಕೆಲಸ ಕಲಿತ ಸದಸ್ಯೆಯ ಕ್ಷೇತ್ರ ಮುಂದಿನ ಸಲ ಸಾಮಾನ್ಯವಾದರೆ, ‘ಇನ್ನು ಗಂಡಸರಿಗೆ ಬಿಡಮ್ಮ’ ಎಂಬ ಉಪದೇಶ ಬರುತ್ತದೆ. ಸಾಮಾನ್ಯ ಸ್ಥಾನವೆಂದರೆ ಗಂಡಸರ ಸ್ಥಾನವೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಆದರೂ ನಿಂತೇ ತೀರುತ್ತೇನೆಂದು ಅರ್ಜಿ ಹಾಕುವವಳು ಊರಿನ ಕಣ್ಣಿಗೆ ಜಗಳಗಂಟಿ. ಅಂಥ ಜಗಳಗಂಟಿಯರು ಹೆಚ್ಚಿದಷ್ಟೂ ಊರಿಗೆ ಒಳಿತು.

ಮತಪೆಟ್ಟಿಗೆಯೇ ಬಾರದಿದ್ದರೆ

ಹಳ್ಳಿಯವರಿಗೆ ಚುನಾವಣೆ ಬೇಡವೆನಿಸುವುದು ಒಂದು ಬಗೆ. ಮೇಲಿನವರಿಗೇ ಬೇಡವಾಗುವುದು ಇನ್ನೊಂದು ಬಗೆ. 1987ರಲ್ಲಿ ಹುಟ್ಟಿದ ಸಂಸ್ಥೆಗಳು 1992ರಲ್ಲಿ ಆಡಳಿತಾಧಿಕಾರಿಗಳ ಕೈಸೇರಿದವು. 2016ರಲ್ಲಿ ಆಯ್ಕೆಯಾದ ತಾಲೂಕು, ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರಗಳ ಮರುವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಳೇ ಉರುಳಿದವು. ಹುಬ್ಬಳ್ಳಿ-ಧಾರವಾಡದ ನಾಗರಿಕರೂ ಇದನ್ನು ಕಂಡು ನಗುವಂತಿಲ್ಲ: ಅವರ ಮಹಾನಗರಪಾಲಿಕೆಯ ಅವಧಿ 2019ರಲ್ಲಿ ಮುಗಿದಿತ್ತು, ಮುಂದಿನ ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕೆಂದು ಸಂವಿಧಾನ ಹೇಳುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಮೊಕದ್ದಮೆಯೊಂದರಲ್ಲಿ ಅದನ್ನು ಒತ್ತಿ ಹೇಳಿತು.

ಚುನಾವಣೆಯಿಂದ ಊರಿನಲ್ಲಿ ಮನಸ್ಸು ಮುರಿಯುವುದು ನಿಜ. ಅಣ್ಣತಮ್ಮಂದಿರು ಎದುರಾಗುತ್ತಾರೆ, ಸೋತವನು ಗೆದ್ದವನ ಮನೆಯ ಮುಂದೆ ಕೆಲವು ತಿಂಗಳು ಹಾಯುವುದಿಲ್ಲ. ಆದರೆ ಸೋತವನೇ ಊರಿಗೆ ಸಿಕ್ಕ ಪುಕ್ಕಟೆಯ ಲೆಕ್ಕಪರಿಶೋಧಕ! ಗಟಾರಕ್ಕೆ ಹಾಕಿದ ಸಿಮೆಂಟು ಎಷ್ಟು, ಬಿಲ್ಲಿನಲ್ಲಿ ಬರೆದದ್ದು ಎಷ್ಟು ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವವನು ಅವನೇ. ಅವಿರೋಧದ ಊರಿನಲ್ಲಿ ಸೋತವನಿಲ್ಲ. ಆದ್ದರಿಂದ ಕೇಳುವವನೂ ಇಲ್ಲ.

ಬಮ್ಮಿಗಟ್ಟಿಯಲ್ಲಾಗಲಿ ನವಲಗುಂದದ ಎರೆಯ ಹಳ್ಳಿಯಲ್ಲಾಗಲಿ, ಮತ ಎಣಿಸಿದ ಮರುದಿನವೂ ಗೆದ್ದವನೂ ಸೋತವನೂ ಅದೇ ನಲ್ಲಿಯ ನೀರನ್ನೇ ಹಿಡಿಯಬೇಕು. ಆ ಜಗಳ ಒಂದು ಸುಗ್ಗಿ ಕಳೆಯುವುದರೊಳಗೆ ತಣ್ಣಗಾದೀತು. ಜಗಳಕ್ಕೆ ಹೆದರಿ ಬಿಟ್ಟುಕೊಟ್ಟ ಮತವಾದರೋ ಐದು ವರ್ಷ ಕಳೆಯುವ ತನಕ ತಿರುಗಿ ಬಾರದು.