ಜೇಬಿನ ಕಿವಿ ಮಷಿನ್: ಅಪ್ಪನದು ಮಗನಿಗೆ ಹೊಂದೀತೆ?

ಕರಣಕೋಟ: ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ. ಅದರಿಂದ ಮೇಲಕ್ಕೆ ಹೋಗುವ ತೆಳು ವೈರು. ಕಿವಿಯಲ್ಲಿ ಗುಂಡಿಯಂಥ ಬಿಲ್ಲೆ. ಒಂದು ಕಾಲದಲ್ಲಿ ಕಿವಿ ಮಷಿನ್ ಎಂದರೆ ಇದೇ ಆಗಿತ್ತು. ಇಂಥ ಹಳೆಯ ಪೆಟ್ಟಿಗೆ ಟ್ರಂಕಿನಲ್ಲಿ ಸಿಕ್ಕರೆ, ಸೆಲ್ ಹಾಕಿ ಮನೆಯ ಇನ್ನೊಬ್ಬರಿಗೆ ಕೊಡೋಣ ಎನಿಸುವುದು ಸಹಜ. ಅದಕ್ಕೂ ಮೊದಲು ಅದರ ರಚನೆ ತಿಳಿದಿರುವುದು ಒಳ್ಳೆಯದು. ಸುಣ್ಣಕಲ್ಲಿನ ಗಣಿ, ಕಲ್ಲು ಕೊಯ್ಯುವ ಯಂತ್ರಗಳ ಸದ್ದಿನಲ್ಲಿ ದುಡಿಯುವವರಿರುವ ಕರಣಕೋಟ, ತಾಂಡೂರು ಭಾಗಕ್ಕಂತೂ ಇದು ಮುಖ್ಯ.

ಪೆಟ್ಟಿಗೆಯಲ್ಲಿ ಏನಿದೆ?

ಪೆಟ್ಟಿಗೆಯಲ್ಲಿರುವ ಮೈಕ್ ಮಾತನ್ನು ಹಿಡಿಯುತ್ತದೆ. ಒಳಗಿನ ಆಂಪ್ಲಿಫೈಯರ್ ಅದನ್ನು ಹೆಚ್ಚಿಸುತ್ತದೆ. ವೈರಿನ ತುದಿಯ ರಿಸೀವರ್ ಅದನ್ನು ಮತ್ತೆ ಸದ್ದಾಗಿಸಿ, ಕಿವಿಯ ಅಚ್ಚಿನ ಮೂಲಕ ಒಳಗೆ ಬಿಡುತ್ತದೆ. ಸದ್ದು ಹೆಚ್ಚು-ಕಡಿಮೆ ಮಾಡಲು ಹಲ್ಲಿನ ಚಕ್ರವಿದೆ. ಹಲವು ಮಾದರಿಗಳಲ್ಲಿ 'ಎಂ' ಮತ್ತು 'ಟಿ' ಎಂಬ ಗುರುತಿರುತ್ತದೆ. 'ಎಂ' ಎಂದರೆ ಮೈಕ್, 'ಟಿ' ಎಂದರೆ ಟೆಲಿಫೋನ್.

ಮೊದಲ ಮಾದರಿಗಳು ವ್ಯಾಕ್ಯೂಮ್ ಟ್ಯೂಬ್‌ನವು. ಅವುಗಳಿಗೆ ಎರಡು ಬಗೆಯ ಬ್ಯಾಟರಿ ಬೇಕಿತ್ತು. 1952ರ ಕೊನೆಗೆ ಅಮೆರಿಕದ ಸೋನೋಟೋನ್ ಕಂಪನಿ ಟ್ರಾನ್ಸಿಸ್ಟರ್ ಬಳಸಿದ ಸಾಧನ ತಂದಿತು. 1953ರಲ್ಲಿ ಪೂರ್ತಿ ಟ್ರಾನ್ಸಿಸ್ಟರ್ ಸಾಧನಗಳೇ ಬಂದವು. ನಮ್ಮ ದೇಶದಲ್ಲಿ 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಅಲಿಮ್ಕೊ ಸಂಸ್ಥೆ ಜೇಬಿನ ಸಾಧನಗಳನ್ನೂ ಒದಗಿಸಿತು. 1981ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯ ಶಿಬಿರಗಳ ಮೂಲಕ ಇಂಥವು ಹಳ್ಳಿಗಳನ್ನು ತಲುಪಿದವು.

ಹಳ್ಳಿಗೆ ಒಗ್ಗಿದ್ದು ಏಕೆ?

ಕಾರಣ ಸರಳ. ಟ್ರಾನ್ಸಿಸ್ಟರ್ ಪೆಟ್ಟಿಗೆಗೆ ಬೇಕಾಗುವ 1.5 ವೋಲ್ಟ್‌ನ ಪೆನ್ಸಿಲ್ ಸೆಲ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ನಡುಗುವ ಬೆರಳಿಗೂ ಚಕ್ರ ಸಿಗುತ್ತದೆ. ವೈರು ಹರಿದರೆ ವೈರನ್ನಷ್ಟೇ ಬದಲಿಸಬಹುದು. ಮೈಕ್ ಜೇಬಿನಲ್ಲಿ, ರಿಸೀವರ್ ಕಿವಿಯಲ್ಲಿ ಇರುವುದರಿಂದ ಸದ್ದು ಹೆಚ್ಚಿಸಿದರೂ ಸಿಳ್ಳೆ ಕಡಿಮೆ. ಹೀಗಾಗಿ ತೀವ್ರ ಕಿವುಡು ಇರುವವರಿಗೆ ಇದು ದೊಡ್ಡ ಆಸರೆಯಾಗಿತ್ತು.

ಕೊರತೆ ಎಲ್ಲಿ?

ಮೈಕ್ ಎದೆಯ ಮೇಲಿರುವುದರಿಂದ ಬಟ್ಟೆ ಉಜ್ಜಿದ ಸದ್ದೂ ಕಿವಿಗೆ ಬೀಳುತ್ತದೆ. ಮಾತು ಯಾವ ಕಡೆಯಿಂದ ಬಂತೆಂದು ತಿಳಿಯುವುದು ಕಷ್ಟ. ಇನ್ನೊಂದು ಸಂಗತಿಯಿದೆ. ಎದೆಗೆ ತಾಗಿದ ಮೈಕ್‌ನಲ್ಲಿ ದಪ್ಪ ಸ್ವರಗಳು ತುಸು ಹೆಚ್ಚುತ್ತವೆ, ಅದಕ್ಕಿಂತ ಮೇಲಿನ ಕೆಲವು ಸ್ವರಗಳು ಕುಗ್ಗುತ್ತವೆ.

ಯಂತ್ರದ ಸದ್ದಿನಿಂದ ಕಿವಿ ಹಾಳಾದವರಿಗೆ ತೊಡಕಾಗುವುದು ಇಲ್ಲೇ. ಅವರು ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್ ಆಸುಪಾಸಿನ ತೆಳು ಸ್ವರಗಳನ್ನು. 'ಸ', 'ಶ', 'ಚ', 'ತ' ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಜೇಬಿನ ಪೆಟ್ಟಿಗೆ ಹಾಕಿದರೆ ಗದ್ದಲ ಜೋರಾಗಿ ಕೇಳಿಸೀತು, ಮಾತು ಮಾತ್ರ ಬಿಡಿಸಿ ಕೇಳಿಸದೆ ಹೋದೀತು. 'ಮಷಿನ್ ಹಾಕಿದರೂ ಪ್ರಯೋಜನವಿಲ್ಲ' ಎಂದು ಅದನ್ನು ಮೂಲೆಗಿಡುವುದಕ್ಕೆ ಇದೂ ಒಂದು ಕಾರಣ.

ಅಪಾಯವೂ ಇದೆ. ತೀವ್ರ ಕಿವುಡಿನ ಅಪ್ಪನಿಗೆ ಹೊಂದಿಸಿದ ಪೆಟ್ಟಿಗೆಯ ಸದ್ದು, ಅರ್ಧ ಕೇಳುವ ಮಗನ ಉಳಿದ ಶ್ರವಣಶಕ್ತಿಯನ್ನೂ ಕೆಡಿಸಬಲ್ಲದು. ಕಿವಿಯ ಅಚ್ಚು ಕೂಡ ಒಬ್ಬರದು ಇನ್ನೊಬ್ಬರಿಗೆ ಹೊಂದದು.

ಏನು ಮಾಡಬೇಕು?

ಮೊದಲು ಕಿವಿ-ಮೂಗು-ಗಂಟಲು ವೈದ್ಯರನ್ನು ಕಂಡು ಆಡಿಯೋಗ್ರಾಂ ಮಾಡಿಸಬೇಕು. ಯಾವ ಸ್ವರ ಎಷ್ಟು ಕೇಳುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಡಿಜಿಟಲ್ ಸಾಧನದಲ್ಲಿ ಬೇಕಾದ ಸ್ವರಗಳನ್ನಷ್ಟೇ ಹೆಚ್ಚಿಸಿಕೊಳ್ಳಬಹುದು. ಈ ಭಾಗದವರಿಗೆ ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಹಳೆಯ ಪೆಟ್ಟಿಗೆಯನ್ನು ನೆನಪಿಗಾಗಿ ಇಟ್ಟುಕೊಳ್ಳುವವರು ಒಳಗಿನ ಸೆಲ್ ತೆಗೆದಿಡಬೇಕು. ಇಲ್ಲವಾದರೆ ಅದು ಸೋರಿ ಪೆಟ್ಟಿಗೆಯನ್ನೇ ತಿಂದುಹಾಕುತ್ತದೆ.